ಬೀರುವಿನ ತಳದಲ್ಲಿರುವ ಸ್ಕಾರ್ಫು

ಕೇಳುಗರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಮುಗಿದ ಮನೆಯಲ್ಲಿ ಆ ಬೇಸಿಗೆಗೆ ಹಳೆಯ ನೋಟ್ಸು ರದ್ದಿಗೆ ಹೋಗುತ್ತದೆ, ಸಮವಸ್ತ್ರ ತಮ್ಮನಿಗೋ ಪಕ್ಕದ ಮನೆಯ ಹುಡುಗನಿಗೋ ದಾಟುತ್ತದೆ. ಸ್ಕೌಟ್ ಸ್ಕಾರ್ಫು ಮಾತ್ರ ಬೀರುವಿನ ತಳ ಸೇರುತ್ತದೆ. "ಅದೆಲ್ಲ ಹೈಸ್ಕೂಲಿಗೇ ಮುಗೀತಲ್ಲ" ಅನ್ನುತ್ತಾರೆ ತಂದೆತಾಯಿ. ಸ್ಕೌಟಿಂಗಿನ ಮುಂದಿನ ಹಂತವಾದ ಕಾಲೇಜಿನ ರೋವರ್, ರೇಂಜರ್ ದಳಗಳ ಜೊತೆ ಹಲವು ವರ್ಷ ಓಡಾಡಿದ ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸೇನಾಧಿಕಾರಿ ಬೇಡನ್ ಪೊವೆಲ್ ಇಪ್ಪತ್ತರಷ್ಟು ಹುಡುಗರನ್ನು ಸೇರಿಸಿ ಶಿಬಿರ ಹೂಡಿದರು. ಸ್ಕೌಟಿಂಗ್ ಶುರುವಾದದ್ದು ಅಲ್ಲಿಂದಲೇ. ಎರಡೇ ವರ್ಷಕ್ಕೆ, 1909ರಲ್ಲಿ, ಸ್ಕೌಟಿಂಗ್ ನಮ್ಮ ಬೆಂಗಳೂರಿಗೆ ಬಂತು. ಆದರೆ ಆಗ ಭಾರತೀಯ ಮಕ್ಕಳಿಗೆ ಅದರೊಳಗೆ ಜಾಗವಿರಲಿಲ್ಲ. ಆ ಬಾಗಿಲನ್ನು ನಮ್ಮ ಮಕ್ಕಳಿಗೆ ತೆರೆಯಲು ಮದರಾಸಿನಲ್ಲಿ ಬೇರೆಯದೇ ಸಂಸ್ಥೆ ಕಟ್ಟಿದ ಆನಿ ಬೆಸೆಂಟ್ ಅವರನ್ನು ನಾವು ನೆನೆಯಲೇಬೇಕು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆಯಾಗಿದ್ದ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿತು. ಮರುವರ್ಷ ಗೈಡ್ ಹೆಣ್ಣುಮಕ್ಕಳೂ ಕೂಡಿಕೊಂಡರು.

ಮೊದಲ ಶಿಬಿರಗಳಲ್ಲಿ ಆಡಿದ ಹುಡುಗರಿಗೂ ಮೀಸೆ ಬರಬೇಕಲ್ಲ! ಅವರಿಗೆಂದು 1918ರ ಹೊತ್ತಿಗೆ ರೂಪುಗೊಂಡದ್ದೇ ರೋವರ್ ವಿಭಾಗ. ನಮ್ಮಲ್ಲಿ 15 ತುಂಬಿದವರಿಂದ 25ರವರೆಗಿನವರು ಇದರಲ್ಲಿರಬಹುದು. ಹೆಣ್ಣುಮಕ್ಕಳಿಗೆ ರೇಂಜರ್. ಸ್ಕೌಟಿನ ಧ್ಯೇಯವಾಕ್ಯ 'ಸಿದ್ಧನಾಗಿರು'. ರೋವರಿಗೆ ಒಂದೇ ಪದ: 'ಸೇವೆ'. ಐದಾರು ವರ್ಷ ಸಿದ್ಧನಾಗುತ್ತ ಬಂದವನು ಈಗ ದುಡಿಯಬೇಕು, ಅಷ್ಟೇ ಅದರ ಅರ್ಥ. ಹೈಸ್ಕೂಲಿಗೇ ಬಿಟ್ಟುಬಿಟ್ಟರೆ ಉತ್ತು ಬಿತ್ತಿ, ಕೊಯ್ಲಿಗೆ ಮಾತ್ರ ಹೋಗದೆ ಉಳಿದ ಹಾಗೆ.

ರೋವರ್ ದೀಕ್ಷೆಗೆ ಮುಂಚೆ ಒಂದು ರೂಢಿಯಿದೆ. ಅಭ್ಯರ್ಥಿ ರಾತ್ರಿ ಸ್ವಲ್ಪ ಹೊತ್ತು ಒಬ್ಬನೇ ಮೌನವಾಗಿ ಕೂರಬೇಕು. ಈವರೆಗೆ ಹೇಗೆ ಬದುಕಿದೆ, ಯಾರಿಗೆ ಆಸರೆಯಾದೆ, ಮುಂದೆ ಏನು ಮಾಡಬೇಕೆಂದಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಮೊಬೈಲು ನನ್ನ ಕೈಗೆ ಕೊಟ್ಟು ಮರದಡಿ ಕೂರಲು ಹೋದ ಹುಡುಗರು ಎದ್ದು ಬರುವಾಗ ಅವರ ನಡಿಗೆಯೇ ಬೇರೆಯಾಗಿರುವುದನ್ನು ನೋಡಿದ್ದೇನೆ. ಅಂಥ ಅರ್ಧ ಗಂಟೆಯನ್ನು ಇವತ್ತು ಹದಿನೆಂಟರ ಹುಡುಗನಿಗೆ ಬೇರೆ ಯಾರು ಕೊಡುತ್ತಾರೆ ಹೇಳಿ?

ಇನ್ನು ಪ್ರಶಸ್ತಿಗಳ ಮಾತು. ಪ್ರವೀಣ್, ನಿಪುಣ್, ಆಮೇಲೆ ರಾಜ್ಯ ಪುರಸ್ಕಾರ, ತುದಿಯಲ್ಲಿ ರಾಷ್ಟ್ರಪತಿ ಪುರಸ್ಕಾರ. ಒಂದೊಂದು ಮೆಟ್ಟಿಲಿಗೂ ಕಲಿಯಬೇಕಾದ ವಿದ್ಯೆಗಳಿವೆ, ಸೇವಾ ಕೆಲಸವಿದೆ, ಮಾಡಿದ್ದನ್ನೆಲ್ಲ ಬರೆದಿಡಬೇಕಾದ ಲಾಗ್ ಪುಸ್ತಕವಿದೆ. ನೇರವಾಗಿ ಹೇಳಿಬಿಡುತ್ತೇನೆ: ಪ್ರಮಾಣಪತ್ರಕ್ಕೆಂದೇ ಬರುವವರು ಇದ್ದಾರೆ. ಮಾಡದ ಸೇವೆಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಲಾಗ್ ಪುಸ್ತಕಕ್ಕೆ ತುಂಬಿದವರನ್ನೂ ಕಂಡಿದ್ದೇನೆ. ಅಂಥ ಪುಸ್ತಕ ಕೈಗೆ ತೆಗೆದುಕೊಂಡರೆ ಸಾಕು, ಗೊತ್ತಾಗುತ್ತದೆ. ಅದಕ್ಕೆ ಮಣ್ಣಿನ ಕಲೆ ಇರುವುದಿಲ್ಲ.

ನಿಜವಾದ ಪರೀಕ್ಷೆ ಹೇಳಿ ಕೇಳಿ ಬರುವುದಿಲ್ಲ. ನಮ್ಮ ಕಡೆಯ ಒಂದು ಜಾತ್ರೆ. ತೇರು ಎಳೆಯುವ ನೂಕುನುಗ್ಗಲಲ್ಲಿ ಒಬ್ಬ ಅಜ್ಜಿ ಬಿದ್ದು ಕೈ ಮುರಿದುಕೊಂಡರು. ನಮ್ಮ ದಳದ ಹುಡುಗಿ ತನ್ನ ಕುತ್ತಿಗೆಯ ಸ್ಕಾರ್ಫು ಬಿಚ್ಚಿದಳು. ಆ ತ್ರಿಕೋನದ ಬಟ್ಟೆ ಅಲಂಕಾರಕ್ಕಲ್ಲ, ಅದು ಕೈ ಜೋಲಿಯೂ ಹೌದು. ಮೊಣಕೈಯ ಕೆಳಗೆ ಹಾಯಿಸಿ, ರೀಫ್ ಗಂಟನ್ನು ಕತ್ತಿನ ಪಕ್ಕಕ್ಕೆ ಬರುವಂತೆ ಹಾಕಿ, "ಅಜ್ಜಿ, ಬೆರಳು ಆಡಿಸಿ ನೋಡೋಣ" ಅಂದಳು. ಹೈಸ್ಕೂಲಿನಲ್ಲಿ ಆಟದ ಹಾಗೆ ಕಲಿತ ಗಂಟು ಅದು. ಅವಳಿಗೆ ಮುಂದೆ ರಾಜ್ಯ ಪುರಸ್ಕಾರ ಬಂದಾಗ ನನಗೆ ನೆನಪಾದದ್ದು ಆ ಗಂಟೇ.

ನಿಮ್ಮ ಮನೆಯಲ್ಲಿ ಪಿಯುಸಿಯ, ಡಿಗ್ರಿಯ ಮಕ್ಕಳಿದ್ದರೆ ಅವರ ಕಾಲೇಜಿನಲ್ಲಿ ರೋವರ್, ರೇಂಜರ್ ಘಟಕ ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಜಿಲ್ಲಾ ಸಂಸ್ಥೆಯಲ್ಲಿ ಕೇಳಿ, ದಾರಿ ತೋರಿಸುತ್ತಾರೆ.

ಆ ಜಾತ್ರೆಯ ದಿನದ ಲಾಗ್ ಪುಸ್ತಕ ನನ್ನಲ್ಲಿ ಇನ್ನೂ ಇದೆ. ಒಬ್ಬ ಹುಡುಗನ ಓರೆ ಅಕ್ಷರದಲ್ಲಿ ಹೀಗಿದೆ: "ತಪ್ಪಿಸಿಕೊಂಡ ಮೂರು ಮಕ್ಕಳನ್ನು ತಾಯಂದಿರಿಗೆ ಒಪ್ಪಿಸಿದೆವು. ಒಬ್ಬ ತಾಯಿ ಕಡ್ಲೆಪುರಿ ಕೊಟ್ಟರು. ಹಂಚಿಕೊಂಡು ತಿಂದೆವು."

ನಮಸ್ಕಾರ.