ಗಡಿಯಾರದ ತಪ್ಪು ಹೇಳುವ ಸಂಗತಿಗಳು

(ಬಳ್ಳಾರಿಯಲ್ಲಿ ವಿಜ್ಞಾನಾಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ಅಧ್ಯಕ್ಷರೆ, ಶಿಕ್ಷಕ ಮಿತ್ರರೆ, ರೇಡಿಯೊ ಮತ್ತು ವಾಚು ರಿಪೇರಿಯಲ್ಲಿ ಕೈ ಪಳಗಿಸಿಕೊಂಡಿರುವ ಹಿರಿಯರೆ, ವಿದ್ಯಾರ್ಥಿಗಳೆ, ಎಲ್ಲರಿಗೂ ನಮಸ್ಕಾರ.

ನಿಖರ ಕಾಲಮಾಪನ ಮತ್ತು ಹಳೆಯ ಎಲೆಕ್ಟ್ರಾನಿಕ್ ಉಪಕರಣಗಳ ಹವ್ಯಾಸವೆಂದರೆ ಕೇಳಿದವರು ಮೊದಲು ನಗುತ್ತಾರೆ. ಜೇಬಿನಲ್ಲಿರುವ ಮೊಬೈಲು ಪುಕ್ಕಟೆಯಾಗಿ ಸರಿಯಾದ ಸಮಯ ತೋರಿಸುತ್ತಿರುವಾಗ, ಐವತ್ತು ವರ್ಷ ಹಳೆಯ ಒಂದು ಭಾರದ ಪೆಟ್ಟಿಗೆಯನ್ನು ಗುಜರಿಯಿಂದ ಹೊತ್ತು ತಂದು, ಅದರಿಂದ ಸೆಕೆಂಡಿನ ಲಕ್ಷದ ಒಂದು ಭಾಗವನ್ನು ಅಳೆಯಲು ಹೊರಡುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗಡಿಯಾರ ಸರಿಯಾಗಿ ನಡೆಯುವಷ್ಟು ಹೊತ್ತು ಅದು ಹೊತ್ತೆಷ್ಟು ಎಂಬುದನ್ನು ಮಾತ್ರ ಹೇಳುತ್ತದೆ. ಅದು ಎಷ್ಟು ತಪ್ಪಿತು, ಯಾವಾಗ ತಪ್ಪಿತು, ಏಕೆ ತಪ್ಪಿತು ಎಂದು ಬೆನ್ನು ಹತ್ತಿದರೆ ನಾವು ನಿಂತಿರುವ ನೆಲದ ಸೆಳೆತ, ಮನೆಯ ಗೋಡೆಯ ಕಾವು, ತಂತಿಯಲ್ಲಿ ಬರುವ ವಿದ್ಯುತ್ತಿನ ಸ್ಥಿತಿ ಎಲ್ಲವೂ ಒಂದೊಂದಾಗಿ ಕಾಣತೊಡಗುತ್ತವೆ. ಇಂದು ನಾನು ಮಾತಾಡುವುದು ಈ ತಪ್ಪುಗಳ ಬಗ್ಗೆ.

ಮೊದಲ ತಪ್ಪು ನಮ್ಮೆಲ್ಲರ ಕೈಗಡಿಯಾರದಲ್ಲಿಯೂ ಇದೆ. ಅದನ್ನು ಸರಕಾರವೇ ಒಪ್ಪಿಕೊಂಡಿದೆ. ಭಾರತೀಯ ಕಾಲಮಾನವು 1906ರ ಜನವರಿ 1ರಿಂದ 82½ ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಬಳ್ಳಾರಿ ಇರುವುದು ಸುಮಾರು 76.9 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಬಳ್ಳಾರಿಯ ಸ್ಥಳೀಯ ಸಮಯ ಗಡಿಯಾರಕ್ಕಿಂತ ಸುಮಾರು 22 ನಿಮಿಷ ಹಿಂದಿದೆ. ರಾಯಚೂರಿನದು ಇಪ್ಪತ್ತೂವರೆ ನಿಮಿಷ, ಕೊಪ್ಪಳದ್ದು ಇಪ್ಪತ್ತೈದೂವರೆ ನಿಮಿಷ ಹಿಂದಿದೆ. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲು ನೀರಿನಲ್ಲಿ ತುಂಬಿ ಮುಳುಗಲು ಹಿಡಿಯುತ್ತಿದ್ದ ಅವಧಿ 24 ನಿಮಿಷ. ಅಂದರೆ ಬಳ್ಳಾರಿಯವರು ಸೂರ್ಯನಿಗಿಂತ ಒಂದು ಗಳಿಗೆಗೆ ತುಸು ಕಡಿಮೆ, ಕೊಪ್ಪಳದವರು ತುಸು ಹೆಚ್ಚು ಮುಂದೆ ಬದುಕುತ್ತಿದ್ದೇವೆ. ಇದನ್ನು ಶಾಲೆಯ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಸರಳಿನ ನೆರಳಿನಿಂದ ಪರೀಕ್ಷಿಸಬಹುದು. ಆದರೆ ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದ ಮತ್ತು ಅದರ ಅಕ್ಷ ವಾಲಿರುವುದರಿಂದ ಸೂರ್ಯನೂ ಸಮವಾಗಿ ನಡೆಯುವವನಲ್ಲ. ಬಳ್ಳಾರಿಯಲ್ಲಿ ನೆರಳು ನೇರ ಉತ್ತರ ದಕ್ಷಿಣವಾಗಿ ಬೀಳುವ ಗಳಿಗೆ ನವೆಂಬರ್ ಮೊದಲ ವಾರದಲ್ಲಿ 12 ಗಂಟೆ 6 ನಿಮಿಷದ ಸುಮಾರಿಗೆ ಬಂದರೆ, ಫೆಬ್ರುವರಿ ಎರಡನೆಯ ವಾರದಲ್ಲಿ 12 ಗಂಟೆ 36 ನಿಮಿಷದ ಸುಮಾರಿಗೆ ಬರುತ್ತದೆ.

ರೈಲು ಬರುವವರೆಗೆ ಈ ವ್ಯತ್ಯಾಸಗಳು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲಿ. ಮುಂಬಯಿಯ ಸ್ಥಳೀಯ ಸಮಯ ಮದ್ರಾಸಿನದಕ್ಕಿಂತ ಅರ್ಧ ಗಂಟೆ ಹಿಂದಿತ್ತು. ಭಾರತೀಯ ಕಾಲಮಾನ ಜಾರಿಗೆ ಬರುವವರೆಗೂ ರೈಲುಗಳು ಬಹುಕಾಲ ಅನುಸರಿಸಿದ್ದು ಮದ್ರಾಸ್ ವೀಕ್ಷಣಾಲಯದ ಸಮಯವನ್ನು. ಮುಂಬಯಿ ನಗರ ಮಾತ್ರ ಹಟ ಬಿಡದೆ ತನ್ನದೇ ಸಮಯವನ್ನು 1955ರವರೆಗೂ ಇಟ್ಟುಕೊಂಡಿತ್ತು.

ಇನ್ನು ಲೋಲಕಕ್ಕೆ ಬರೋಣ. 1656ರಲ್ಲಿ ಕ್ರಿಶ್ಚಿಯಾನ್ ಹೈಗನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ ಮೇಲೆ, ಅದು ಎಲ್ಲಿ ಇಟ್ಟರೂ ಒಂದೇ ರೀತಿ ನಡೆಯುತ್ತದೆಂದು ಜನ ನಂಬಿದ್ದರು. 1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ವಿಜ್ಞಾನಿ ಭೂಮಧ್ಯರೇಖೆಯ ಹತ್ತಿರದ ಕಯೆನ್‌ಗೆ ಹೋದಾಗ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷದಷ್ಟು ಹಿಂದೆ ಬೀಳುತ್ತಿರುವುದು ಗೊತ್ತಾಯಿತು. ಭೂಮಿ ನಡುವಿನಲ್ಲಿ ಉಬ್ಬಿದೆ, ಅಲ್ಲಿ ಗುರುತ್ವ ಕಡಿಮೆ ಎಂಬುದಕ್ಕೆ ಆ ತಪ್ಪೇ ಸಾಕ್ಷಿಯಾಯಿತು. ನಮ್ಮ ಊರಿಗೂ ಈ ಲೆಕ್ಕ ಹಾಕಬಹುದು. ಲಂಡನ್ನಿನಲ್ಲಿ ಸರಿಹೊಂದಿಸಿದ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದು ಸೆಕೆಂಡಿನಲ್ಲಿ ತೂಗುವ ಲೋಲಕದ ಉದ್ದ 99.4 ಸೆಂಟಿಮೀಟರು. ಅದನ್ನು ಹಾಗೆಯೇ ಬಳ್ಳಾರಿಗೆ ತಂದು ನೇತುಹಾಕಿದರೆ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತದೆ; ಸರಿಪಡಿಸಲು ಗುಂಡನ್ನು ಸುಮಾರು ಮೂರು ಮಿಲಿಮೀಟರು ಮೇಲೆ ಏರಿಸಬೇಕು. ವಿದೇಶದಿಂದ ಬಂದ ಹಳೆಯ ಗೋಡೆ ಗಡಿಯಾರವೊಂದರ ಕೆಳಗಿನ ತಿರುಪು ಬಹಳ ಮೇಲೆ ಏರಿಸಿದ ಸ್ಥಿತಿಯಲ್ಲಿದ್ದರೆ, ಅದಕ್ಕೆ ಭೂಮಿಯ ಆಕಾರವೂ ಒಂದು ಕಾರಣವಾಗಿರಬಹುದು.

ಆಮೇಲೆ ನಮ್ಮ ಬಿಸಿಲು. ಉಕ್ಕಿನ ಸರಳು ಕಾದಂತೆ ಹಿಗ್ಗುತ್ತದೆ; ಶಾಖ ಒಂದು ಡಿಗ್ರಿ ಏರಿದರೆ ಗಡಿಯಾರ ದಿನಕ್ಕೆ ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಡಿಸೆಂಬರಿನಲ್ಲಿ 20 ಡಿಗ್ರಿ ಇರುವ ಕೋಣೆ ಮೇ ತಿಂಗಳಲ್ಲಿ 40 ಮುಟ್ಟಿದರೆ ದಿನಕ್ಕೆ ಹತ್ತು ಸೆಕೆಂಡಿನ ವ್ಯತ್ಯಾಸ. ನಿಕ್ಕಲ್ ಮತ್ತು ಕಬ್ಬಿಣ ಸೇರಿದ, ಅತಿ ಕಡಿಮೆ ಹಿಗ್ಗುವ ಇನ್ವಾರ್ ಎಂಬ ಮಿಶ್ರಲೋಹವನ್ನು ಕಂಡುಹಿಡಿದ ಶಾರ್ಲ್ ಎಡ್ವರ್ಡ್ ಗಿಯೋಮ್ ಅವರಿಗೆ 1920ರ ನೊಬೆಲ್ ಬಹುಮಾನ ಬಂದದ್ದು ಆಶ್ಚರ್ಯವಲ್ಲ. ಲೋಲಕದ ಕಲೆ ತುದಿ ಮುಟ್ಟಿದ್ದು 1920ರ ದಶಕದ ಶಾರ್ಟ್ ಗಡಿಯಾರದಲ್ಲಿ. ಅದರ ಇನ್ವಾರ್ ಲೋಲಕವು ಗಾಳಿ ತೆಗೆದ ಕೊಳವೆಯೊಳಗೆ ತೂಗುತ್ತಿತ್ತು. ವರ್ಷಕ್ಕೆ ಒಂದು ಸೆಕೆಂಡಿನಷ್ಟು ನಿಖರತೆ ಅದರದ್ದೆಂದು ಹೇಳುತ್ತಿದ್ದರು. ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದಲ್ಲಿದ್ದ ಅಂಥ ಒಂದು ಗಡಿಯಾರವನ್ನು 1984ರಲ್ಲಿ ಆಧುನಿಕ ಉಪಕರಣಗಳಿಂದ ಅಳೆದಾಗ, ಚಂದ್ರ ಸೂರ್ಯರ ಸೆಳೆತದಿಂದ ಭೂಮಿಯ ಗುರುತ್ವದಲ್ಲಾಗುವ ಏರಿಳಿತ ಅದರ ನಡಿಗೆಯಲ್ಲಿ ಕಾಣಿಸಿತು. ಸಮುದ್ರದಲ್ಲಿ ಉಬ್ಬರವಿಳಿತ ತರುವ ಸೆಳೆತವನ್ನು ಒಂದು ಹಳೆಯ ಗಡಿಯಾರ ಒಣ ನೆಲದ ಮೇಲೆ ನಿಂತು ದಾಖಲಿಸಿತ್ತೆಂಬುದು ನನಗೆ ಈ ಇಡೀ ವಿಷಯದಲ್ಲಿಯೇ ಅತ್ಯಂತ ಪ್ರಿಯವಾದ ಸಂಗತಿ.

ಕ್ವಾರ್ಟ್ಜ್ ಗಡಿಯಾರ ಇದಕ್ಕಿಂತ ಸುಲಭವಾಗಿ ಎಲ್ಲರ ಕೈಗೆ ಸಿಗುತ್ತದೆ. ನೂರಿನ್ನೂರು ರೂಪಾಯಿಯ ಗೋಡೆ ಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ಅದೇ ಮುಳ್ಳನ್ನು ತಳ್ಳುವ ಮಿಡಿತ. ಈ ಹರಳನ್ನು 25 ಡಿಗ್ರಿಗೆ ಸರಿಹೋಗುವಂತೆ ಕತ್ತರಿಸಿರುತ್ತಾರೆ. ಅದಕ್ಕಿಂತ ಶಾಖ ಏರಿದರೂ ಇಳಿದರೂ ಅದರ ಕಂಪನ ನಿಧಾನವಾಗುತ್ತದೆ, ಅದೂ ವ್ಯತ್ಯಾಸದ ವರ್ಗಕ್ಕೆ ಅನುಗುಣವಾಗಿ. ಹತ್ತು ಡಿಗ್ರಿ ದೂರ ಹೋದರೆ ದಿನಕ್ಕೆ 0.3 ಸೆಕೆಂಡು, ಇಪ್ಪತ್ತು ಡಿಗ್ರಿ ದೂರ ಹೋದರೆ ಅದರ ನಾಲ್ಕು ಪಟ್ಟು. ಪಡುವಣ ಬಿಸಿಲು ಬೀಳುವ ಗೋಡೆಗೆ ನೇತುಹಾಕಿದ ಗಡಿಯಾರ ಹಗಲೂ ಇರುಳೂ 42 ಡಿಗ್ರಿಯಲ್ಲಿಯೇ ಇದ್ದರೆ ತಿಂಗಳಿಗೆ 25 ಸೆಕೆಂಡು ಹಿಂದೆ ಬಿದ್ದೀತು. ಅದೇ ಹರಳು ಕೈಗಡಿಯಾರದಲ್ಲಿದ್ದರೆ ಮೈಯ ಶಾಖ ಅದನ್ನು ಹದವಾಗಿ ಇಡುತ್ತದೆ. ವಿದ್ಯಾರ್ಥಿಗಳು ಎರಡು ಒಂದೇ ಬಗೆಯ ಗಡಿಯಾರ ಕೊಂಡು, ಒಂದನ್ನು ನೆರಳಿನ ಒಳಗೋಡೆಗೂ ಇನ್ನೊಂದನ್ನು ಬಿಸಿಲಗೋಡೆಗೂ ತೂಗುಹಾಕಿ, ಮಾರ್ಚಿನಿಂದ ಜೂನಿನವರೆಗೆ ವಾರಕ್ಕೊಮ್ಮೆ ಬರೆದಿಡಲಿ. ಅಷ್ಟರಿಂದಲೇ ಒಳ್ಳೆಯ ನಕ್ಷೆ ಬರುತ್ತದೆ. ಹೋಲಿಸಲು ಟಿವಿಯ ಸಮಯವನ್ನು ಮಾತ್ರ ನಂಬಬೇಡಿ, ಡಿಶ್ ಮೂಲಕ ಬರುವ ಚಿತ್ರ ಕೆಲವು ಸೆಕೆಂಡು ತಡವಾಗಿಯೇ ಮನೆ ತಲುಪುತ್ತದೆ.

ಕೀಲಿ ಕೊಡುವ ಎಚ್‌ಎಂಟಿ ವಾಚು ಇರುವವರು ಅದನ್ನು ಪೆಟ್ಟಿಗೆಯಿಂದ ಹೊರತೆಗೆಯಿರಿ. ಜನತಾದಂಥ ವಾಚು ಸೆಕೆಂಡಿಗೆ ಐದು ಸಲ ಟಿಕ್ ಎನ್ನುತ್ತದೆ. ಮೊಬೈಲಿನ ಮೈಕಿಗೆ ಒತ್ತಿ ಹಿಡಿದರೆ ಆ ಸದ್ದಿನಿಂದಲೇ ಅದರ ನಡಿಗೆ ಅಳೆಯುವ ಆಪ್‌ಗಳಿವೆ.

ಈ ಜಿಲ್ಲೆಗಳಲ್ಲಿ ನಿಜಕ್ಕೂ ಅಳೆಯಬೇಕಾದದ್ದು ವಿದ್ಯುತ್ತಿನ ಆವರ್ತನ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಅಲೆಯಂತೆ ಏರಿಳಿಯುತ್ತದೆ ಎಂಬುದು; ಅದರ ಅಳತೆ ಹರ್ಟ್ಜ್, ನಮ್ಮಲ್ಲಿ ಅದು 50 ಇರಬೇಕು. ಉಷ್ಣ ವಿದ್ಯುತ್ ಸ್ಥಾವರಗಳಿರುವ ಶಕ್ತಿನಗರವೂ ಕುಡಿತಿನಿಯೂ ನಮ್ಮಲ್ಲಿಯೇ ಇವೆ. ಹಿಂದೆ ದಕ್ಷಿಣದ ವಿದ್ಯುತ್ ಜಾಲ ಉಳಿದ ದೇಶದಿಂದ ಪ್ರತ್ಯೇಕವಾಗಿ ತನ್ನದೇ ಆವರ್ತನದಲ್ಲಿ ನಡೆಯುತ್ತಿತ್ತು. ಬೇಡಿಕೆ ಮಿತಿಮೀರಿದಾಗ ಅದು 49 ಹರ್ಟ್ಜ್‌ಗಿಂತ ಕೆಳಗೂ ಇಳಿದದ್ದುಂಟು. ಆವರ್ತನವನ್ನೇ ಎಣಿಸಿ ಓಡುವ ಸಿಂಕ್ರೊನಸ್ ಮೋಟಾರಿನ ಗಡಿಯಾರ 49 ಹರ್ಟ್ಜ್‌ನಲ್ಲಿ ದಿನವಿಡೀ ನಡೆದರೆ ಸುಮಾರು 29 ನಿಮಿಷ ಹಿಂದೆ ಬೀಳುತ್ತದೆ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿದ್ದ ಆ ಗಡಿಯಾರ ಇಲ್ಲಿಗೆ ಹೊಂದುವಂಥದ್ದಾಗಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗಕ್ಕೆ ವಿದ್ಯುತ್ ಹರಿದಾಗ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ಲಯಕ್ಕೆ ಬಂತು. ರೈಲುಹಳಿಗಳು ಕೂಡಿದ ಊರಿನಿಂದಲೇ ಆವರ್ತನಗಳೂ ಕೂಡಿದವು. ಇಂದು ನಿಯಮದ ಪ್ರಕಾರ ಅದು 49.90 ಮತ್ತು 50.05 ಹರ್ಟ್ಜ್‌ಗಳ ನಡುವೆ ಇರಬೇಕು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಬೇಡಿಕೆ ಪೂರೈಕೆಗಳ ಜಗ್ಗಾಟವನ್ನು ನಿಮ್ಮ ಮನೆಯ ಪ್ಲಗ್ಗಿನಲ್ಲಿಯೇ ಓದಬಹುದು.

ಇಲ್ಲಿ ಹಳೆಯ ಫ್ರೀಕ್ವೆನ್ಸಿ ಕೌಂಟರು, ಅಂದರೆ ವಿದ್ಯುತ್ ಅಲೆಗಳನ್ನು ಎಣಿಸುವ ಪೆಟ್ಟಿಗೆ, ಉಪಯೋಗಕ್ಕೆ ಬರುತ್ತದೆ. ಒಂದು ಸೆಕೆಂಡು ಬಾಗಿಲು ತೆರೆದು ಎಷ್ಟು ಅಲೆ ಬಂದವೆಂದು ಎಣಿಸಿದರೆ 49 ಅಥವಾ 50 ಎಂಬ ಉತ್ತರ ಬರುತ್ತದೆಯೇ ಹೊರತು ನಡುವಿನದು ತಿಳಿಯುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಬೇಕು: ಒಂದು ಅಲೆ ಮುಗಿಯುವಷ್ಟರಲ್ಲಿ ಕೌಂಟರಿನ ಒಳಗಿನ, ಸೆಕೆಂಡಿಗೆ ಒಂದು ಕೋಟಿ ಸಲ ಕಂಪಿಸುವ 10 ಮೆಗಾಹರ್ಟ್ಜ್ ಹರಳು ಎಷ್ಟು ಸಲ ಕಂಪಿಸಿತು? 50 ಹರ್ಟ್ಜ್‌ಗೆ 2,00,000, 49.95 ಹರ್ಟ್ಜ್‌ಗೆ 2,00,200. ಅಲ್ಪ ವ್ಯತ್ಯಾಸವೂ ಕಣ್ಣಿಗೆ ರಾಚುತ್ತದೆ. ಕೌಂಟರಿಗೆ ಮೇನ್ಸನ್ನು ನೇರವಾಗಿ ಕೊಡಬಾರದು; ಸಣ್ಣ ಟ್ರಾನ್ಸ್‌ಫಾರ್ಮರಿನಿಂದ 6 ವೋಲ್ಟಿಗೆ ಇಳಿಸಿಯೇ ಕೊಡಬೇಕು.

ಇಂಥ ಪೆಟ್ಟಿಗೆಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ, ಕೆಲವೊಮ್ಮೆ ಕಾಲೇಜುಗಳ ಹರಾಜಿನಲ್ಲಿ ಸಿಗುತ್ತವೆ. ತಂದ ತಕ್ಷಣ ಪ್ಲಗ್ಗಿಗೆ ಹಾಕುವ ಆತುರ ಬೇಡ. ಮೊದಲು ಮುಚ್ಚಳ ಬಿಚ್ಚಿ, ನಮ್ಮ ಕಡೆಯ ಕೆಂಪು ಧೂಳನ್ನು ಕುಂಚದಿಂದ ತೆಗೆಯಬೇಕು. ತಲೆ ಉಬ್ಬಿದ ಅಥವಾ ಬುಡದಲ್ಲಿ ಕಂದು ಅಂಟು ಸುರಿಸಿದ ಎಲೆಕ್ಟ್ರೊಲಿಟಿಕ್ ಕಪಾಸಿಟರುಗಳನ್ನು ಬದಲಿಸಬೇಕು. ಆಮೇಲೆ ರಿಪೇರಿ ಅಂಗಡಿಗಳಲ್ಲೆಲ್ಲ ಇರುವ ಸೀರೀಸ್ ಬೋರ್ಡಿಗೆ ಹಳೆಯ ಬಗೆಯ, ತಂತಿ ಕಾದು ಬೆಳಗುವ 100 ವ್ಯಾಟಿನ ಬಲ್ಬು ಹಾಕಿ, ಅದರ ಮೂಲಕ ವಿದ್ಯುತ್ ಕೊಡಬೇಕು. ಬಲ್ಬು ಒಮ್ಮೆ ಝಗ್ಗನೆ ಹೊತ್ತಿ ಮಂಕಾದರೆ ಒಳಗೆ ಶಾರ್ಟ್ ಇಲ್ಲವೆಂದು ತಿಳಿಯಬಹುದು. ಪೂರ್ತಿ ಬೆಳಕಿನಲ್ಲಿಯೇ ನಿಂತರೆ ಸ್ವಿಚ್ ಆರಿಸಿ ಟ್ರಾನ್ಸ್‌ಫಾರ್ಮರನ್ನೂ ರೆಕ್ಟಿಫೈಯರನ್ನೂ ನೋಡಬೇಕು. ಅಂಕಿಗಳನ್ನು ಬೆಳಗಿಸಿ ತೋರಿಸುವ ನಿಕ್ಸಿ ಟ್ಯೂಬುಗಳಿರುವ ಕೌಂಟರಿನಲ್ಲಿ 170 ವೋಲ್ಟಿಗೂ ಮೇಲ್ಪಟ್ಟ ಭಾಗವೊಂದಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಅದರ ಕಪಾಸಿಟರು ಅಪಾಯಕರ ಷಾಕ್ ಕೊಡುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರುತ್ತದೆ, ಆದ್ದರಿಂದ ರೆಸಿಸ್ಟರು ಮುಟ್ಟಿಸಿ ಖಾಲಿ ಮಾಡದೆ ಒಳಗೆ ಬೆರಳಿಡಬಾರದು.

ಕಪಾಸಿಟರುಗಳ ವಿಷಯದಲ್ಲಿಯೂ ನಮ್ಮ ಬಿಸಿಲು ಬೇರೆಯೇ ಲೆಕ್ಕ ಇಟ್ಟಿದೆ. ಶಾಖ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಕಸುಬಿನವರ ಸ್ಥೂಲ ಸೂತ್ರ. ತಂಪು ಊರಿನಲ್ಲಿ ಇಪ್ಪತ್ತು ವರ್ಷ ಬಾಳಿದ್ದು ಇಲ್ಲಿ ಹತ್ತರ ಸುಮಾರಿಗೆ ಒಣಗುತ್ತದೆ. ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ: ನಡೆಯುತ್ತಿರುವ ಕೌಂಟರನ್ನು ಒಡೆದು ಅದರ ನಿಕ್ಸಿ ಟ್ಯೂಬುಗಳನ್ನು ಕಿತ್ತು ಬೈಠಕ್ ಕೋಣೆಯ ಅಲಂಕಾರಕ್ಕೆ ಗಡಿಯಾರ ಮಾಡುವವರನ್ನು ನಾನು ಮೆಚ್ಚಲಾರೆ. ಆ ಕಿತ್ತಳೆ ಬಣ್ಣದ ಅಂಕಿಗಳು ಚೆಂದವೇ ಹೌದು, ಆದರೆ ಅವುಗಳ ಹಿಂದಿನ ವಿದ್ಯೆ ಗುಜರಿಗೆ ಹೋಗುತ್ತದೆ.

ಕೌಂಟರಿನ ಹರಳೇ ತಪ್ಪಿದರೆ? ಅದಕ್ಕಾಗಿ ಒಳ್ಳೆಯ ಉಪಕರಣಗಳಲ್ಲಿ ಹರಳನ್ನು ಪುಟ್ಟ ಒಲೆಯೊಳಗೆ, ಹೊರಗಿನ ಯಾವ ಬೇಸಿಗೆಯೂ ಮುಟ್ಟದ 70 - 80 ಡಿಗ್ರಿಯಲ್ಲಿ ಸ್ಥಿರವಾಗಿ ಇಟ್ಟಿರುತ್ತಾರೆ. ಅದನ್ನೂ ತಿದ್ದಲು ಜಿಪಿಎಸ್ ಇದೆ. ಕೆಲವು ನೂರು ರೂಪಾಯಿಯ ಜಿಪಿಎಸ್ ಮಾಡ್ಯೂಲು ಉಪಗ್ರಹಗಳ ಪರಮಾಣು ಗಡಿಯಾರಗಳಿಗೆ ಹೊಂದಿಕೊಂಡು ಸೆಕೆಂಡಿಗೊಂದು ಮಿಡಿತ ಕೊಡುತ್ತದೆ. ಇಷ್ಟು ಸೂಕ್ಷ್ಮಕ್ಕೆ ಇಳಿದ ಮೇಲೆ ಮಾಳಿಗೆಯ ಆಂಟೆನಾದಿಂದ ಕೆಳಗಿಳಿಯುವ ಕೇಬಲ್ಲೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಒಂದು ಮೀಟರಿಗೆ ಸುಮಾರು ಐದು ನ್ಯಾನೊಸೆಕೆಂಡು ತಡವಾಗುತ್ತದೆ. ಕಳಚಿದ ಮೊಬೈಲ್ ಗೋಪುರಗಳ ಉಪಕರಣಗಳಿಂದ ಬಂದ, ರುಬಿಡಿಯಂ ಪರಮಾಣುವಿನಿಂದ ಲಯ ಹಿಡಿಯುವ ಆಂದೋಲಕಗಳೂ ಹಳೆಯ ಸಾಮಾನಿನ ಪೇಟೆಯಲ್ಲಿ ಸಿಗುತ್ತವೆ. ಅವು ದಿನಕ್ಕೆ ಒಂದು ಮೈಕ್ರೊಸೆಕೆಂಡಿನ ಆಸುಪಾಸಿನಲ್ಲಿ ನಿಲ್ಲಬಲ್ಲವು. ಆದರೆ ಮೇ ತಿಂಗಳಲ್ಲಿ ದಪ್ಪ ಅಲ್ಯೂಮಿನಿಯಂ ತಟ್ಟೆಯೂ ಫ್ಯಾನೂ ಇಲ್ಲದೆ ನಡೆಸಿದರೆ ಬೇಗ ಕೆಡುತ್ತವೆ.

ಇದಕ್ಕೂ ಮುಂದಿನ ಮೆಟ್ಟಿಲು ಸೀಸಿಯಂ ಎಂಬ ಲೋಹದ ಪರಮಾಣುವಿನಿಂದ ಲಯ ಹಿಡಿಯುವ ಗಡಿಯಾರ. 1967ರಿಂದ ಸೆಕೆಂಡಿನ ವ್ಯಾಖ್ಯೆಯೇ ಆ ಪರಮಾಣುವಿನ ವಿಕಿರಣದ 9,192,631,770 ಆವರ್ತಗಳು. 2005ರಲ್ಲಿ ಅಮೆರಿಕದ ಹವ್ಯಾಸಿಯೊಬ್ಬರು ಮೂರು ಹಳೆಯ ಸೀಸಿಯಂ ಗಡಿಯಾರಗಳನ್ನೂ ಮನೆಯ ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ರೇನಿಯರ್ ಪರ್ವತಕ್ಕೆ ಹೋಗಿ ಎರಡು ರಾತ್ರಿ ತಂಗಿ ಬಂದರು. ಐನ್‌ಸ್ಟೈನ್ ಹೇಳಿದಂತೆ ಎತ್ತರದಲ್ಲಿ ಕಾಲ ವೇಗವಾಗಿ ನಡೆದು, ಆ ಗಡಿಯಾರಗಳು ಸುಮಾರು 22 ನ್ಯಾನೊಸೆಕೆಂಡು ಮುಂದಿದ್ದವು. ನಮ್ಮಲ್ಲಿ ಅದಕ್ಕೆ ಸಂಡೂರಿನ ರಾಮನದುರ್ಗ ಆದೀತು. ಬಳ್ಳಾರಿಗಿಂತ ಅದು ಸುಮಾರು 500 ಮೀಟರು ಎತ್ತರದಲ್ಲಿದೆ, ಅಂದರೆ ದಿನಕ್ಕೆ ಐದು ನ್ಯಾನೊಸೆಕೆಂಡಿಗಿಂತ ತುಸು ಕಡಿಮೆ. ರುಬಿಡಿಯಂನಿಂದ ಇದು ಸಾಧ್ಯವಿಲ್ಲ, ಅದರ ಸ್ವಂತ ಅಲೆದಾಟದಲ್ಲಿಯೇ ಐದು ನ್ಯಾನೊಸೆಕೆಂಡು ಮುಳುಗಿಹೋಗುತ್ತದೆ. ಸೀಸಿಯಂನಿಂದಲೂ ಒಂದೆರಡು ದಿನದಲ್ಲಿ ಆಗದು. ಹೆಚ್ಚು ದಿನ ಬೆಟ್ಟದ ಮೇಲೆ ಇಟ್ಟು, ಇನ್ನೊಂದನ್ನು ಊರಿನಲ್ಲಿಯೇ ನಡೆಸುತ್ತ ಹೋಲಿಸಬೇಕು, ನಡುವೆ ಕರೆಂಟು ಹೋಗದಂತೆ ಬ್ಯಾಟರಿಯ ಏರ್ಪಾಡು ಇರಬೇಕು. ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಹಳೆಯ ಸೀಸಿಯಂ ಗಡಿಯಾರ ಹುಡುಕುವುದಾದರೆ ಪೆಟ್ಟಿಗೆಯ ಹೊಳಪು ನೋಡಿ ಹಣ ಕೊಡಬೇಡಿ. ಅದರ ಟ್ಯೂಬಿನೊಳಗಿನ ಸೀಸಿಯಂ ಬಳಸಿದಂತೆ ತೀರಿಹೋಗುತ್ತದೆ, ಹೊಸ ಟ್ಯೂಬಿನ ಬೆಲೆ ಹವ್ಯಾಸಿಯ ಕೈಗೆ ಎಟುಕುವುದಲ್ಲ. ಆದ್ದರಿಂದ ಅದನ್ನು ನಡೆಸಿ ತೋರಿಸಿ, ಮೀಟರಿನಲ್ಲಿ ಸೀಸಿಯಂ ಕಿರಣದ ಕರೆಂಟು ಎಷ್ಟಿದೆ ಹೇಳಿ ಎಂದು ಮಾರುವವರನ್ನು ಮೊದಲೇ ಕೇಳಿರಿ.