ನಕ್ಷೆಯ ಗೆರೆ, ಬೋರ್ಡಿನ ತೂತು

ಕೇಳುಗರಿಗೆ ನಮಸ್ಕಾರ.

ಕಾಗದದ ಮೇಲಿನ ಸರ್ಕ್ಯೂಟ್ ನಕ್ಷೆ ನೋಡಿ, ಅದನ್ನು ಬ್ರೆಡ್‌ಬೋರ್ಡ್ ಮೇಲೆ, ಅಂದರೆ ಬಿಡಿಭಾಗ ಚುಚ್ಚಿ ಕೂರಿಸುವ ತೂತಿನ ಬೋರ್ಡ್ ಮೇಲೆ, ಕಟ್ಟುವುದು ಹೇಗೆ ಅಂತ ಇವತ್ತು ಮಾತಾಡೋಣ. ಬೆಸುಗೆ ಹಾಕುವ ಕೆಲಸ ಇಲ್ಲ. 9 ವೋಲ್ಟಿನ ಒಂದು ಬ್ಯಾಟರಿ, 555 ಅನ್ನುವ ಎಂಟು ಕಾಲಿನ ಐಸಿ ಅಂದರೆ ಚಿಪ್, ಕರೆಂಟ್ ಹರಿವನ್ನು ತಗ್ಗಿಸುವ ಮೂರು ರೆಸಿಸ್ಟರ್, ಚಾರ್ಜ್ ತುಂಬಿಟ್ಟುಕೊಳ್ಳುವ ಎರಡು ಕೆಪಾಸಿಟರ್, ಒಂದು ಕೆಂಪು ಎಲ್‌ಇಡಿ, ಒಂದಷ್ಟು ವೈರ್ ತುಂಡು. ಎಲ್ಲ ಸರಿಯಾಗಿ ಕೂತರೆ ಎಲ್‌ಇಡಿ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಹತ್ತಿ ಆರುತ್ತದೆ.

ಕೇಳೋಕೆ ಸುಲಭ. ಆದರೆ ಮೊದಲ ಸಲ ಕಟ್ಟಲು ಕೂತವರಿಗೆ ಕೈಯೇ ಓಡುವುದಿಲ್ಲ. ನಕ್ಷೆಯಲ್ಲಿ ಐಸಿ ಒಂದು ಚೌಕ. ಸಾಮಾನ್ಯವಾಗಿ ಅದರ 7, 6, 2ನೇ ಕಾಲುಗಳನ್ನು ಒಂದೇ ಪಕ್ಕದಲ್ಲಿ ಬರೆದಿರುತ್ತಾರೆ. ಕೈಯಲ್ಲಿರುವ ಐಸಿ ನೋಡಿದರೆ 2 ಒಂದು ಕಡೆ, 6 ಮತ್ತು 7 ಇನ್ನೊಂದು ಕಡೆ! ನಕ್ಷೆ ತಪ್ಪೋ, ಐಸಿ ತಪ್ಪೋ ಅಂತ ಗಾಬರಿ ಆಗುತ್ತದೆ. ಎರಡೂ ಸರಿಯಾಗಿಯೇ ಇವೆ. ನಾವು ನಕ್ಷೆಯನ್ನು ಫೋಟೋ ಥರ ನೋಡುತ್ತಿದ್ದೇವೆ, ತೊಂದರೆ ಅಲ್ಲಿದೆ.

ಮನೆತನದ ವಂಶವೃಕ್ಷ ನೋಡಿರುತ್ತೀರಿ. ಯಾರು ಯಾರಿಗೆ ಏನಾಗಬೇಕು ಅಂತ ಅದರಲ್ಲಿ ಗೊತ್ತಾಗುತ್ತದೆ. ಯಾರ ಮನೆ ಯಾವ ಬೀದಿಯಲ್ಲಿ ಅಂತ ಗೊತ್ತಾಗುವುದಿಲ್ಲ. ಸರ್ಕ್ಯೂಟ್ ನಕ್ಷೆಯೂ ಹಾಗೇ. ಯಾವ ಕಾಲಿಗೆ ಯಾವ ಕಾಲು ಸೇರಬೇಕು ಅಂತ ಮಾತ್ರ ಅದು ಹೇಳುತ್ತದೆ. ಎಲ್ಲಿ ಕೂರಿಸಬೇಕು ಅನ್ನುವುದು ನಮಗೆ ಬಿಟ್ಟದ್ದು. ಎರಡು ಗೆರೆ ಸೇರುವ ಕಡೆ ದಪ್ಪ ಚುಕ್ಕೆ ಇದ್ದರೆ ಅವು ಕೂಡಿಕೊಂಡಿವೆ. ಚುಕ್ಕೆ ಇಲ್ಲದೆ ಒಂದರ ಮೇಲೊಂದು ಹಾದುಹೋದರೆ ಸಂಬಂಧ ಇಲ್ಲ.

ಈಗ ಬೋರ್ಡ್ ಕಡೆ ಬರೋಣ. ರೇಡಿಯೋ ಹೊಸದಾಗಿದ್ದ ಕಾಲದಲ್ಲಿ ಅದನ್ನು ಮನೆಯಲ್ಲೇ ಕಟ್ಟುತ್ತಿದ್ದವರು ಬ್ರೆಡ್ ಕತ್ತರಿಸುವ ಮರದ ಹಲಗೆಗೆ ಮೊಳೆ ಹೊಡೆದು, ಆ ಮೊಳೆಗೆ ವೈರ್ ಸುತ್ತುತ್ತಿದ್ದರು. ಬ್ರೆಡ್‌ಬೋರ್ಡ್ ಅನ್ನುವ ಹೆಸರು ಅಲ್ಲಿಂದ ಬಂತು. ನೀವು ಈಗ ಕೇಳುತ್ತಿರುವ ರೇಡಿಯೋಗೂ ಆ ಹಲಗೆಗೂ ನಂಟಿದೆ ಅಂದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಇವತ್ತಿನದು ತೂತುಗಳಿರುವ ಪ್ಲಾಸ್ಟಿಕ್ ಬೋರ್ಡ್. ತೂತಿನಿಂದ ತೂತಿಗೆ 2.54 ಮಿಲಿಮೀಟರ್ ಅಂತರ. ನಡುವೆ ಒಂದು ಉದ್ದನೆಯ ಕಾಲುವೆ. ಕಾಲುವೆಯ ಎರಡೂ ಕಡೆ ಐದೈದು ತೂತಿನ ಸಾಲುಗಳು. ಪ್ರತಿ ಸಾಲಿನ ಕೆಳಗೆ ಒಂದು ಲೋಹದ ಕ್ಲಿಪ್ ಇದೆ. ಹಾಗಾಗಿ ಆ ಐದು ತೂತೂ ಒಂದೇ. ಯಾವುದಕ್ಕೆ ಚುಚ್ಚಿದರೂ ಉಳಿದ ನಾಲ್ಕಕ್ಕೂ ಸಂಪರ್ಕ ಸಿಕ್ಕಂತೆ. ಅಂಚಿನಲ್ಲಿ ಉದ್ದಕ್ಕೆ ಹೋಗುವ ಪಟ್ಟಿಗಳು ಪ್ಲಸ್‌ಗೆ ಮತ್ತು ಮೈನಸ್‌ಗೆ.

ಇಲ್ಲಿ ನಕ್ಷೆಗೂ ಬೋರ್ಡಿಗೂ ಕೊಂಡಿ ಸಿಗುತ್ತದೆ. ನಕ್ಷೆಯಲ್ಲಿ ಒಂದಕ್ಕೊಂದು ಕೂಡಿಕೊಂಡ ಗೆರೆಗಳೆಲ್ಲ ಸೇರಿ ಒಂದು ಗುಂಪು. ಬಲ್ಲವರು ಇದಕ್ಕೆ ನೋಡ್ ಅನ್ನುತ್ತಾರೆ. ಬೋರ್ಡಿನ ಒಂದು ಸಾಲು ಅಂದರೂ ಒಂದು ಗುಂಪೇ. ಹಾಗಾಗಿ ಬಿಡಿಭಾಗ ಮುಟ್ಟುವ ಮುಂಚೆ ಪೆನ್ಸಿಲ್ ಹಿಡಿದು ಗುಂಪುಗಳನ್ನು ಎಣಿಸಿ. ನಮ್ಮ ಸರ್ಕ್ಯೂಟಿನಲ್ಲಿ ಏಳು ಇವೆ.

ಬ್ಯಾಟರಿಯ ಪ್ಲಸ್ ಮೊದಲನೆಯದು. ಐಸಿಯ 8 ಮತ್ತು 4ನೇ ಕಾಲು, 10 ಕಿಲೋ ಓಮ್ ರೆಸಿಸ್ಟರಿನ ಒಂದು ತುದಿ ಅದಕ್ಕೆ ಸೇರುತ್ತವೆ. ಆ ರೆಸಿಸ್ಟರಿನ ಇನ್ನೊಂದು ತುದಿ, 7ನೇ ಕಾಲು, 68 ಕಿಲೋ ಓಮ್ ರೆಸಿಸ್ಟರಿನ ಒಂದು ತುದಿ ಸೇರಿ ಇನ್ನೊಂದು ಗುಂಪು. 68 ಕಿಲೋ ಓಮಿನ ಮತ್ತೊಂದು ತುದಿ, 6 ಮತ್ತು 2ನೇ ಕಾಲು, 10 ಮೈಕ್ರೋಫ್ಯಾರಡ್ ಕೆಪಾಸಿಟರಿನ ಪ್ಲಸ್ ಸೇರಿ ಮತ್ತೊಂದು. 3ನೇ ಕಾಲಿನಿಂದ 470 ಓಮ್ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಇವು ಎರಡು ಗುಂಪು. 5ನೇ ಕಾಲು ಮತ್ತು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿ ಆರನೆಯದು. 1ನೇ ಕಾಲು, ಎಲ್‌ಇಡಿಯ ಗಿಡ್ಡ ಕಾಲು, ಎರಡೂ ಕೆಪಾಸಿಟರಿನ ಉಳಿದ ತುದಿ ಹೋಗುವುದು ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ.

ಈಗ ಕಟ್ಟೋಣ. ಐಸಿಯನ್ನು ಕಾಲುವೆಗೆ ಅಡ್ಡವಾಗಿ ಕೂರಿಸಿ, ನಾಲ್ಕು ಕಾಲು ಈಚೆ, ನಾಲ್ಕು ಆಚೆ. ಹೊಸ ಐಸಿಯ ಕಾಲುಗಳು ಸ್ವಲ್ಪ ಅಗಲಕ್ಕೆ ಚಾಚಿರುತ್ತವೆ. ಮೇಜಿನ ಮೇಲೆ ಪಕ್ಕಕ್ಕೆ ಒತ್ತಿ ನೇರ ಮಾಡಿಕೊಳ್ಳಿ. ಎಂಟೂ ಕಾಲು ತೂತಿನ ಬಾಯಲ್ಲಿ ನಿಂತಿವೆ ಅಂತ ಖಾತ್ರಿಯಾದ ಮೇಲೇ ಅದುಮಿ. ಇಲ್ಲವಾದರೆ ಒಂದು ಕಾಲು ಹೊಟ್ಟೆಯಡಿ ಮಡಚಿಕೊಳ್ಳುತ್ತದೆ. ಮೇಲಿಂದ ನೋಡಿದರೆ ಕಾಣುವುದೇ ಇಲ್ಲ. ಐಸಿಯ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಕಚ್ಚು ಇದೆ. ಅದನ್ನು ಮೇಲೆ ಮಾಡಿದರೆ ಎಡಗಡೆಯ ಮೊದಲ ಕಾಲು 1. ಎಡಗಡೆ ಕೆಳಕ್ಕೆ 4ರವರೆಗೆ ಎಣಿಸಿ, ಬಲಗಡೆ ಕೆಳಗಿನಿಂದ ಮೇಲಕ್ಕೆ 5ರಿಂದ 8.

ರೆಸಿಸ್ಟರಿನ ಎರಡೂ ಕಾಲನ್ನು ಒಂದೇ ಸಾಲಿಗೆ ಹಾಕಬೇಡಿ. ಹಾಕಿದರೆ ಅದು ಇದ್ದೂ ಇಲ್ಲದಂತೆ. ಕರೆಂಟ್ ಕೆಳಗಿನ ಕ್ಲಿಪ್ಪಿನಲ್ಲೇ ಹೋಗಿಬಿಡುತ್ತದೆ. ದೊಡ್ಡ ಕೆಪಾಸಿಟರಿನ ಮೈಮೇಲೆ ಮೈನಸ್ ಗುರುತಿನ ಪಟ್ಟೆ ಇರುತ್ತದೆ, ಆ ಕಡೆಯ ಕಾಲು ಗ್ರೌಂಡಿಗೆ. ಒಂದೊಂದು ಸಂಪರ್ಕ ಮುಗಿದಾಗಲೂ ನಕ್ಷೆಯ ಆ ಗೆರೆಯ ಮೇಲೆ ಪೆನ್ಸಿಲ್ ಎಳೆಯಿರಿ. ಈ ಒಂದು ಅಭ್ಯಾಸಕ್ಕಾಗಿ ನಾನು ಯಾರ ಹತ್ತಿರ ಬೇಕಾದರೂ ವಾದ ಮಾಡುತ್ತೇನೆ. ನೆನಪನ್ನು ನಂಬಿದರೆ ಒಂದು ವೈರ್ ಖಂಡಿತ ತಪ್ಪಿಹೋಗುತ್ತದೆ. ಎಲ್ಲ ಗೆರೆ ಮುಗಿದ ಮೇಲೆ, ಕಟ್ಟಕಡೆಗೆ ಬ್ಯಾಟರಿ.

ಹತ್ತಲಿಲ್ಲ ಅಂದರೆ? ಮೊದಲು ಬ್ಯಾಟರಿ ತೆಗೆದು ಐಸಿ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಪ್ಲಸ್ ಮೈನಸ್ ಅದಲುಬದಲಾಗಿರಬಹುದು. ತಣ್ಣಗಿದ್ದರೆ ಮತ್ತೆ ಬ್ಯಾಟರಿ ಹಾಕಿ ಮಲ್ಟಿಮೀಟರ್ ಹಿಡಿಯಿರಿ. ಅಂಚಿನ ಪಟ್ಟಿಯಲ್ಲಿ ಅಳೆಯಬೇಡಿ. ಐಸಿಯ 8 ಮತ್ತು 1ನೇ ಕಾಲಿನ ಮೇಲೇ ಮೊನೆ ಇಟ್ಟು ಅಳೆಯಿರಿ. ಇದನ್ನು ನಾನು ಕಲಿತದ್ದು ಒಂದು ಇಡೀ ಸಂಜೆ ಕಳೆದು. ಪಟ್ಟಿಯಲ್ಲಿ 9 ವೋಲ್ಟ್ ತೋರಿಸುತ್ತಿತ್ತು, ಐಸಿಗೆ ಸೊನ್ನೆ. ಕೆಲವು ಬೋರ್ಡುಗಳಲ್ಲಿ ಅಂಚಿನ ಪಟ್ಟಿ ನಟ್ಟನಡುವೆ ತುಂಡಾಗಿರುತ್ತದೆ. ಮೇಲಿನ ಕೆಂಪು ಗೆರೆಯೂ ಅಲ್ಲೇ ಕಡಿದಿರುತ್ತದೆ, ಗಮನಿಸಿದರೆ ಕಾಣುತ್ತದೆ. ಒಂದು ಗಿಡ್ಡ ವೈರ್ ಹಾಕಿ ಎರಡು ತುಂಡನ್ನೂ ಜೋಡಿಸಿದೆ, ಎಲ್‌ಇಡಿ ಮಿನುಗಿತು.

ಹೌದು, ಅದು ಮಿನುಗುವುದಾದರೂ ಹೇಗೆ? ಕೆಪಾಸಿಟರ್ ಒಂದು ಪುಟ್ಟ ತೊಟ್ಟಿ ಅಂದುಕೊಳ್ಳಿ. ಎರಡು ರೆಸಿಸ್ಟರ್ ದಾಟಿ ಕರೆಂಟ್ ಬಂದು ಅದು ತುಂಬುತ್ತದೆ. ವೋಲ್ಟೇಜ್ ಬ್ಯಾಟರಿಯ ಮೂರನೇ ಎರಡು ಭಾಗ ಮುಟ್ಟಿದ ತಕ್ಷಣ 555 ಎಲ್‌ಇಡಿಯನ್ನು ಆರಿಸಿ, 7ನೇ ಕಾಲಿನಿಂದ ತೊಟ್ಟಿ ಖಾಲಿ ಮಾಡಲು ಶುರು ಮಾಡುತ್ತದೆ. ಮೂರನೇ ಒಂದು ಭಾಗಕ್ಕೆ ಇಳಿದಾಗ ಮತ್ತೆ ತುಂಬಲು ಬಿಡುತ್ತದೆ, ಎಲ್‌ಇಡಿ ಹತ್ತುತ್ತದೆ. 1971ರಲ್ಲಿ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದರು. ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ನಮ್ಮ ಅಳತೆಗಳಲ್ಲಿ ಎಲ್‌ಇಡಿ ಸುಮಾರು ಅರ್ಧ ಸೆಕೆಂಡು ಹತ್ತಿರುತ್ತದೆ, ಅರ್ಧ ಸೆಕೆಂಡು ಆರಿರುತ್ತದೆ.

ಈಗ ಬ್ಯಾಟರಿ ತೆಗೆದು, 10 ಮೈಕ್ರೋಫ್ಯಾರಡ್ ಜಾಗಕ್ಕೆ 100 ಮೈಕ್ರೋಫ್ಯಾರಡ್ ಹಾಕಿ, ಮತ್ತೆ ಬ್ಯಾಟರಿ ಸಿಕ್ಕಿಸಿ ನೋಡಿ. ಎಲ್ಲವೂ ಹತ್ತು ಪಟ್ಟು ನಿಧಾನ ಆಗುತ್ತದೆ. ಜೊತೆಗೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಮೊದಲ ಸಲ ಎಲ್‌ಇಡಿ ಎಂಟು ಸೆಕೆಂಡಿಗೂ ಜಾಸ್ತಿ ಹತ್ತಿರುತ್ತದೆ. ಆಮೇಲೆ ಪ್ರತಿ ಸಲವೂ ಐದೂವರೆ ಸೆಕೆಂಡಿನಷ್ಟೇ. ಯಾಕೆಂದರೆ ಮೊದಲ ಸಲ ತೊಟ್ಟಿ ಪೂರ್ತಿ ಖಾಲಿಯಿಂದ ತುಂಬಬೇಕು. ಆಮೇಲೆ ಅದು ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಗಡಿಯಾರ ಪಕ್ಕದಲ್ಲಿಟ್ಟುಕೊಂಡು ಎಣಿಸಿ.

ನಮಸ್ಕಾರ.