ದೂರ ಗೊತ್ತಿದ್ದ ಡಾಕ್ಟರು

ಕೇಳುಗರೇ, ನಮಸ್ಕಾರ.

ಸರ್ಕಾರಿ ನೌಕರಿಗೆ ಓದುತ್ತಿರುವ ಹುಡುಗ ಹುಡುಗಿಯರು, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ದುಡಿಯುವ ಸಿಸ್ಟರುಗಳು, ಆಶಾ ಕಾರ್ಯಕರ್ತೆಯರು ಈಗ ರೇಡಿಯೊ ಹಾಕಿಕೊಂಡಿದ್ದರೆ ಸ್ವಲ್ಪ ಹತ್ತಿರ ಬನ್ನಿ. ಇವತ್ತಿನ ಮಾತು ಮುಖ್ಯವಾಗಿ ನಿಮಗೇ. ಟಾಮ್ ಡೇವಿಸ್ ಎಂಬ ಡಾಕ್ಟರ ಕಥೆ ಇದು.

ಪೆಸಿಫಿಕ್ ಸಾಗರದ ನಡುವೆ ಕುಕ್ ದ್ವೀಪಗಳು ಅಂತ ಇವೆ. 15 ದ್ವೀಪಗಳು. ಎಲ್ಲವನ್ನೂ ಸೇರಿಸಿದರೆ ನೆಲ 240 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರದ ಮೂರರಲ್ಲಿ ಒಂದು ಪಾಲು, ಅಷ್ಟೇ. ಆದರೆ ಅವುಗಳ ಪಾಲಿಗೆ ಬರುವ ಸಮುದ್ರ ಎಷ್ಟು ಗೊತ್ತಾ? ಸುಮಾರು 20 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ಹತ್ತರಷ್ಟು! ರಾಜಧಾನಿ ಇರುವ ದ್ವೀಪ ರಾರೊಟೊಂಗ. ಅಲ್ಲಿಂದ ಉತ್ತರದ ಪುಕಾಪುಕಾ ದ್ವೀಪಕ್ಕೆ ಸಾವಿರ ಕಿಲೋಮೀಟರಿಗೂ ಜಾಸ್ತಿ. ದಾರಿಯುದ್ದಕ್ಕೂ ನೀರೇ ನೀರು.

ಇಂಥ ಕಡೆ ಆಡಳಿತ ಅಂದರೆ ಏನು? ದೂರವನ್ನು ನಿಭಾಯಿಸುವುದು. ಆ ದೂರ ಅಲ್ಲೇ ಹುಟ್ಟಿದವರಿಗೆ ಗೊತ್ತಿರುತ್ತದೆ. ನಾನು ಇವತ್ತು ಹೇಳಬೇಕಾದದ್ದು ಇದೊಂದೇ ಮಾತು.

ಮಲೆನಾಡಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಕ್ಷೆ ನೋಡಿ, ಆ ಊರು ಎಂಟೇ ಕಿಲೋಮೀಟರ್ ಅಲ್ವಾ ಅಂದೆ. ನಮ್ಮ ಸಿಸ್ಟರು ಅಲ್ಲೇ ಹುಟ್ಟಿ ಬೆಳೆದವರು. "ಮಳೆಗಾಲದಲ್ಲಿ ಅದು ಒಂದು ದಿನದ ದಾರಿ ಮೇಡಂ" ಅಂದರು. ಹಳ್ಳ ತುಂಬಿದರೆ ಸುತ್ತಿ ಹೋಗಬೇಕು. ನಕ್ಷೆಯಲ್ಲಿ ಹಳ್ಳವೇನೋ ಇತ್ತು, ಅದು ತುಂಬುವುದು ಇರಲಿಲ್ಲ.

ಕುಕ್ ದ್ವೀಪಗಳನ್ನು ನ್ಯೂಜಿಲೆಂಡ್ 1901ರಲ್ಲಿ ತನ್ನ ಕೈಗೆ ತೆಗೆದುಕೊಂಡಿತು. ಅಲ್ಲಿಂದ ಬಂದ ರೆಸಿಡೆಂಟ್ ಕಮಿಷನರ್ ಎಂಬ ಅಧಿಕಾರಿ ರಾರೊಟೊಂಗದಲ್ಲಿ ಕೂತು ಎಲ್ಲ ನೋಡಿಕೊಳ್ಳುತ್ತಿದ್ದರು. ಅವಧಿ ಮುಗಿದರೆ ಹೊರಟರು, ಇನ್ನೊಬ್ಬರು ಬಂದರು. ಆ ಕಾಲದಲ್ಲಿ, 1917ರಲ್ಲಿ, ರಾರೊಟೊಂಗದಲ್ಲೇ ಹುಟ್ಟಿದ ಹುಡುಗ ಟಾಮ್ ಡೇವಿಸ್. ನ್ಯೂಜಿಲೆಂಡಿಗೆ ಹೋಗಿ ವೈದ್ಯ ಓದಿದ. ಅಲ್ಲಿ ಡಾಕ್ಟರಾದ ಮೊದಲ ಕುಕ್ ದ್ವೀಪದವ ಅವನೇ. 1945ರಲ್ಲಿ ಊರಿಗೆ ಬಂದ. ಮುಂದೆ ಅಲ್ಲಿನ ಮುಖ್ಯ ವೈದ್ಯಾಧಿಕಾರಿಯಾದ. ಕ್ಷಯ ಇತ್ತು, ಆನೆಕಾಲು ರೋಗ ಇತ್ತು. ದೂರದ ದ್ವೀಪಗಳಿಗೆ ಡಾಕ್ಟರಾಗಲಿ ಔಷಧಿಯಾಗಲಿ ಹೋಗಬೇಕಾದರೆ ಹಡಗು ಬರುವವರೆಗೆ ಕಾಯಬೇಕು.

ಒಬ್ಬೊಬ್ಬ ರೋಗಿಯನ್ನೇ ನೋಡುತ್ತಾ ಕೂತರೆ ಇದು ಮುಗಿಯುವ ಕೆಲಸವಲ್ಲ, ಇಡೀ ಜನರ ಆರೋಗ್ಯವನ್ನು ನೋಡುವ ವಿದ್ಯೆ ಬೇಕು. ಆ ವಿದ್ಯೆ ಕಲಿಯಲು ಅಮೆರಿಕದ ಹಾರ್ವರ್ಡ್‌ನಲ್ಲಿ ಅವರಿಗೆ ಅವಕಾಶ ಸಿಕ್ಕಿತು. ಹಾರ್ವರ್ಡ್ ಇರುವುದು ಬಾಸ್ಟನ್ ಪಕ್ಕದಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ. ಹೋದದ್ದು ಹೇಗೆ? ಹಾಯಿದೋಣಿಯಲ್ಲಿ!

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನಗೆ ಬಹಳ ಇಷ್ಟದ ಭಾಗ. ವರ್ಷ 1952. ದೋಣಿ 45 ಅಡಿ ಉದ್ದ. ನಮ್ಮ ಸಿಟಿ ಬಸ್ಸಿಗಿಂತ ಒಂದು ಚೂರು ಉದ್ದ ಅಂದುಕೊಳ್ಳಿ. ಅದರ ಹೆಸರು ಮೀರು. ಅವರ ಭಾಷೆಯ ಹೆಸರು ಅದು. ಕನ್ನಡದವರ ಕಿವಿಗೆ ಮಾತ್ರ 'ದಾಟಿ ಹೋಗು' ಅಂದಂತೆಯೇ ಕೇಳುತ್ತದೆ. ದೋಣಿಯಲ್ಲಿ ಹೆಂಡತಿ ಲಿಡಿಯಾ, ಇಬ್ಬರು ಗಂಡುಮಕ್ಕಳೂ ಇದ್ದರು.

ಅವರು ಹೋಗಬೇಕಾದದ್ದು ಪೂರ್ವಕ್ಕೆ. ಆದರೆ ಆ ದ್ವೀಪಗಳ ಕಡೆ ಗಾಳಿ ವರ್ಷದ ಬಹುಪಾಲು ಪೂರ್ವದಿಂದಲೇ ಬೀಸುತ್ತದೆ, ಎದುರಿಗೆ. ಹಾಯಿಗೆ ಎದುರುಗಾಳಿ ಅಂದರೆ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಹಾಗಾಗಿ ಏನು ಮಾಡಬೇಕು? ದಕ್ಷಿಣಕ್ಕೆ ಇಳಿಯಬೇಕು. 40 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಗಾಳಿ ತಿರುಗಿ, ಪಶ್ಚಿಮದಿಂದ ರಭಸವಾಗಿ ನೂಕುತ್ತದೆ. ಆದರೆ ಅಲ್ಲಿ ಜೂನ್, ಜುಲೈ ಅಂದರೆ ಕೊರೆಯುವ ಚಳಿಗಾಲ. ಮನೆಯೆತ್ತರದ ಅಲೆಗಳು. ಈ ಮನುಷ್ಯ ಅದೇ ಚಳಿಗಾಲದಲ್ಲಿ, ಅದೇ ದಾರಿಯಲ್ಲಿ, ನ್ಯೂಜಿಲೆಂಡಿನಿಂದ ಹೊರಟು ದಕ್ಷಿಣ ಅಮೆರಿಕದ ಪೆರು ದೇಶ ತಲುಪಿದರು. ಅಲ್ಲಿಂದ ಮೇಲೆ ಬಂದು, ಪನಾಮಾ ಕಾಲುವೆ ದಾಟಿ, ಬಾಸ್ಟನ್ ಬಂದರಿನಲ್ಲಿ ದೋಣಿ ಕಟ್ಟಿದರು. ಆಮೇಲೆ ಪುಸ್ತಕ ಹಿಡಿದು ಕ್ಲಾಸಿಗೆ ಹೋದರು.

ಸುಮ್ನೆ ಸಾಹಸ ಅಂತ ಇದನ್ನು ಪಕ್ಕಕ್ಕಿಡಬೇಡಿ, ದಯವಿಟ್ಟು. ಅವರ ಹಿರಿಯರು ನಕ್ಷತ್ರ ಹುಟ್ಟುವ ಜಾಗ, ಅಲೆಯ ದಿಕ್ಕು, ಹಕ್ಕಿ ಹಾರುವ ದಾರಿ ನೋಡಿಕೊಂಡು ಆ ದ್ವೀಪಗಳನ್ನು ಹುಡುಕಿ ನೆಲೆಸಿದವರು. ಹೊರಗಿನ ಅಧಿಕಾರಿಗೆ ಸಮುದ್ರ ಅಂದರೆ ಅಡ್ಡಿ. ಇವರಿಗೆ ಅದೇ ರಸ್ತೆ. ಇವರಿಗೆ ದೂರ ಗೊತ್ತಿತ್ತು.

ಮುಂದಿನದು ಬೇಗ ಹೇಳುತ್ತೇನೆ. ಹಾರ್ವರ್ಡ್ ಮುಗಿಸಿ ಅಮೆರಿಕದಲ್ಲೇ ಸುಮಾರು ಇಪ್ಪತ್ತು ವರ್ಷ. ಅಲಾಸ್ಕಾದಲ್ಲಿ, ಚಳಿಯನ್ನು ಮನುಷ್ಯನ ದೇಹ ಹೇಗೆ ತಡೆಯುತ್ತದೆ ಅಂತ ಸಂಶೋಧನೆ. ಬಾಹ್ಯಾಕಾಶ ಯಾನಕ್ಕೆ ಸಂಬಂಧಿಸಿದ ಕೆಲಸವನ್ನೂ ಮಾಡಿದರು. ಅಲ್ಲೇ ಹಾಯಾಗಿ ಇರಬಹುದಿತ್ತು. ಈ ನಡುವೆ ಕುಕ್ ದ್ವೀಪಗಳಿಗೆ 1965ರಲ್ಲಿ ಸ್ವಂತ ಸರ್ಕಾರ ಬಂದಿತ್ತು. ನ್ಯೂಜಿಲೆಂಡಿನ ಪೌರತ್ವವೂ ಉಳಿದಿತ್ತು, ಹಾಗಾಗಿ ಜನ ಅಲ್ಲಿಗೆ ಹೊರಟೇ ಹೋಗುತ್ತಿದ್ದರು. ಊರು ಖಾಲಿಯಾಗುತ್ತಿದ್ದ ಆ ಹೊತ್ತಿನಲ್ಲಿ ಡೇವಿಸ್ ವಾಪಸ್ ಬಂದರು. 1971ರಲ್ಲಿ ಡೆಮಾಕ್ರಟಿಕ್ ಪಕ್ಷ ಕಟ್ಟಿದರು.

1978ರ ಚುನಾವಣೆಯಲ್ಲಿ ಆಳುವ ಪಕ್ಷ ಸರ್ಕಾರದ ದುಡ್ಡಿನಲ್ಲಿ ನ್ಯೂಜಿಲೆಂಡಿನಿಂದ ವಿಮಾನದಲ್ಲಿ ಮತದಾರರನ್ನು ಕರೆಸಿತು. ಆ ಮತಗಳು ನಡೆಯುವುದಿಲ್ಲ ಅಂತ ನ್ಯಾಯಾಲಯ ಹೇಳಿತು. ಜುಲೈನಲ್ಲಿ ಡೇವಿಸ್ ಸರ್ಕಾರದ ಮುಖ್ಯಸ್ಥರಾದರು. 1983ರಲ್ಲಿ ಕೆಲವು ತಿಂಗಳು ಬಿಟ್ಟರೆ 1987ರವರೆಗೆ ಅವರೇ. 1985ರ ಆಗಸ್ಟ್ 6, ಹಿರೋಷಿಮಾ ದಿನದಂದು, ದಕ್ಷಿಣ ಪೆಸಿಫಿಕ್‌ನಲ್ಲಿ ಅಣ್ವಸ್ತ್ರ ಬೇಡ ಎಂಬ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದ್ದು ಇವರ ಊರಿನಲ್ಲೇ. ಅದನ್ನು ಇಂದಿಗೂ ರಾರೊಟೊಂಗ ಒಪ್ಪಂದ ಅಂತಲೇ ಕರೆಯುತ್ತಾರೆ. ಇದರ ಬಗ್ಗೆ ಇನ್ನೂ ಹೇಳಬೇಕಿತ್ತು. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ.

ಇನ್ನೊಂದೇ ನಿಮಿಷ. ಅವಿಶ್ವಾಸ ಮತದಿಂದ ಅಧಿಕಾರ ಹೋದಾಗ ಅವರಿಗೆ 70 ವರ್ಷ. ಆಮೇಲೆ ಏನು ಮಾಡಿದರು ಗೊತ್ತಾ? ಹಿರಿಯರ ಕಾಲದ ಮಾದರಿಯ, ಎರಡು ಒಡಲು ಜೋಡಿಸಿದ ದೋಣಿಗಳನ್ನು ಕಟ್ಟಿಸಿದರು. 1992ರಲ್ಲಿ ಒಂದು. 1994ರಲ್ಲಿ ಇನ್ನೊಂದು, 72 ಅಡಿಯದು. ಹೆಸರು ತೆ ಆವು ಒ ಟೊಂಗಾ, ಅಂದರೆ ದಕ್ಷಿಣದ ಮಂಜು. ಊರಿನ ಹೊಸ ತಲೆಮಾರು ಅದರ ಮೇಲೆ ಮತ್ತೆ ನಕ್ಷತ್ರ ಓದಲು ಕಲಿಯಿತು. 1995ರಲ್ಲಿ ಆ ದೋಣಿ ತಾಹಿತಿಯ ಕಡೆಯಿಂದ ಹವಾಯಿಯವರೆಗೂ ಹೋಯಿತು. ಡೇವಿಸ್ 2007ರಲ್ಲಿ, 90ನೇ ವಯಸ್ಸಿನಲ್ಲಿ, ಹುಟ್ಟಿದ ರಾರೊಟೊಂಗದಲ್ಲೇ ತೀರಿಕೊಂಡರು.

ನಮಸ್ಕಾರ.